ಎಕ್ಸ್‌ಎಂಎಲ್ ಹಳತಾಯಿತೆ? ಕನ್ನಡದ ಕಡತಗಳನ್ನು ಬಿಚ್ಚಿ ನೋಡಿ

ಮಲ್ಲೇಶ್ವರದ ಮಾರುಕಟ್ಟೆಯಲ್ಲಿ ಎರಡು ಮೊಳ ಮಲ್ಲಿಗೆ ಕೊಂಡು, ತಳ್ಳುಗಾಡಿಗೆ ಅಂಟಿಸಿದ ಕಪ್ಪು ಬಿಳುಪಿನ ಚೌಕಕ್ಕೆ ಮೊಬೈಲ್ ಹಿಡಿದು ಹಣ ಕೊಡುವವರು, ಆ ಎರಡು ಮೂರು ಕ್ಷಣಗಳಲ್ಲಿ ಬ್ಯಾಂಕುಗಳ ನಡುವೆ ಏನು ಓಡಾಡುತ್ತದೆ ಎಂದು ಯೋಚಿಸುವುದಿಲ್ಲ. ಯೋಚಿಸಬೇಕಾದ ಅಗತ್ಯವೂ ಇಲ್ಲ. ಓಡಾಡುವುದು ಎಕ್ಸ್‌ಎಂಎಲ್. 2016ರಲ್ಲಿ ಆರಂಭವಾದ ಯುಪಿಐ ವ್ಯವಸ್ಥೆಗೆ ಭಾರತೀಯ ರಾಷ್ಟ್ರೀಯ ಪಾವತಿ ನಿಗಮ ರೂಪಿಸಿದ ತಾಂತ್ರಿಕ ನಿಯಮಾವಳಿಯ ಪ್ರಕಾರ, ಬ್ಯಾಂಕಿಗೂ ನಿಗಮಕ್ಕೂ ನಡುವೆ ಸಾಗುವ ಕೋರಿಕೆ ಮತ್ತು ಉತ್ತರಗಳು ಡಿಜಿಟಲ್ ಸಹಿ ಹೊತ್ತ ಎಕ್ಸ್‌ಎಂಎಲ್ ಸಂದೇಶಗಳು. ಅದೇ ಮಾರುಕಟ್ಟೆಯಿಂದ ಹತ್ತು ನಿಮಿಷದ ದಾರಿಯಲ್ಲಿರುವ ಯಾವುದಾದರೂ ತಂತ್ರಾಂಶ ಕಂಪನಿಗೆ ಹೋಗಿ ಈ ಹೆಸರೆತ್ತಿದರೆ ಮಾತ್ರ ಎಳೆಯ ಎಂಜಿನಿಯರುಗಳು ನಕ್ಕುಬಿಡುತ್ತಾರೆ. ಅದು ಅಪ್ಪನ ಕಾಲದ್ದು, ಈಗೇನಿದ್ದರೂ ಜೆಸನ್ ಎನ್ನುತ್ತಾರೆ.

ಅವರ ನಗುವಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧದ ಬಗ್ಗೆ, ಅದರಲ್ಲೂ ಕನ್ನಡಕ್ಕೆ ಸಂಬಂಧಿಸಿದ ಭಾಗದ ಬಗ್ಗೆ, ಒಂದಿಷ್ಟು ಹೇಳುವುದು ಅಗತ್ಯವೆಂದು ನನಗನ್ನಿಸುತ್ತದೆ.

ಎಕ್ಸ್‌ಎಂಎಲ್ ಎಂದರೆ ಎಕ್ಸ್‌ಟೆನ್ಸಿಬಲ್ ಮಾರ್ಕಪ್ ಲ್ಯಾಂಗ್ವೇಜ್. ಹೆಸರು ಭಾರವಾದರೂ ವಿಷಯ ಸರಳ. ಒಂದು ಬರಹದಲ್ಲಿ ಯಾವುದು ಶೀರ್ಷಿಕೆ, ಯಾವುದು ದಿನಾಂಕ, ಯಾವುದು ಊರಿನ ಹೆಸರು, ಯಾವುದು ಮೊತ್ತ ಎಂಬುದನ್ನು ಆ ಬರಹದೊಳಗೇ, ಕೋನಾಕಾರದ ಆವರಣಗಳ ನಡುವೆ ಹೆಸರಿಟ್ಟು ಗುರುತಿಸುವ ಪದ್ಧತಿ ಇದು. ಜಾಲಪುಟಗಳ ಭಾಷೆಯಾದ ಎಚ್‌ಟಿಎಂಎಲ್‌ನಲ್ಲಿಯೂ ಇಂಥ ಗುರುತುಗಳಿವೆ. ಆದರೆ ಅಲ್ಲಿ ಹೆಸರುಗಳು ಮೊದಲೇ ನಿಗದಿಯಾಗಿವೆ, ಮತ್ತು ಅವುಗಳಲ್ಲಿ ಬಹುಪಾಲು ಪುಟ ಹೇಗೆ ಕಾಣಬೇಕು ಎಂಬುದರ ಸುತ್ತಲೇ ತಿರುಗುತ್ತವೆ. ಎಕ್ಸ್‌ಎಂಎಲ್‌ನಲ್ಲಿ ಹೆಸರಿಡುವ ಹಕ್ಕು ಬರೆಯುವವನದು. ಪಂಚಾಂಗ ಮಾಡುವವನು ತಿಥಿ, ನಕ್ಷತ್ರ ಎಂದು ಹೆಸರಿಡಬಹುದು. ರೇಷ್ಮೆ ಮಾರುಕಟ್ಟೆಯವನು ಗೂಡಿನ ದರ ಎಂದು ಹೆಸರಿಡಬಹುದು.

ಇದನ್ನು ವಾಣಿಜ್ಯ ಕಂಪನಿಗಳು ತಮ್ಮ ಲೆಕ್ಕಪತ್ರಕ್ಕಾಗಿ ಹುಟ್ಟುಹಾಕಿದವು ಎಂಬ ನಂಬಿಕೆ ವ್ಯಾಪಕವಾಗಿದೆ. ಅದು ಪೂರ್ತಿ ನಿಜವಲ್ಲ. ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ 1998ರ ಫೆಬ್ರುವರಿ 10ರಂದು ಪ್ರಕಟಿಸಿದ ಎಕ್ಸ್‌ಎಂಎಲ್ 1.0 ಶಿಫಾರಸಿಗೆ ಮೂವರು ಸಂಪಾದಕರಿದ್ದರು. ಒಬ್ಬರು ಮೈಕ್ರೋಸಾಫ್ಟ್‌ನ ಜಾನ್ ಪಾವೊಲಿ. ಇನ್ನೊಬ್ಬರಾದ ಟಿಮ್ ಬ್ರೇ, 1980ರ ದಶಕದ ಕೊನೆಯಲ್ಲಿ ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟನ್ನು ಗಣಕಕ್ಕೆ ಒಗ್ಗಿಸುವ ಯೋಜನೆಯನ್ನು ನಡೆಸಿದವರು. ಮೂರನೆಯವರಾದ ಮೈಕೆಲ್ ಸ್ಪರ್‌ಬರ್ಗ್ ಮೆಕ್ವೀನ್ ಸಾಹಿತ್ಯದ ವಿದ್ವಾಂಸರು. ಪ್ರಾಚೀನ ಪಠ್ಯಗಳನ್ನು ಗಣಕದಲ್ಲಿ ಹೇಗೆ ದಾಖಲಿಸಬೇಕು ಎಂಬ ಬಗ್ಗೆ 1987ರಿಂದ ನಡೆದುಬಂದಿರುವ ಟೆಕ್ಸ್ಟ್ ಎನ್‌ಕೋಡಿಂಗ್ ಇನಿಷಿಯೇಟಿವ್ ಎಂಬ ವಿದ್ವತ್ ಪ್ರಯತ್ನದ ಮಾರ್ಗಸೂಚಿಯನ್ನೂ ಸಂಪಾದಿಸಿದವರು. ಮೂವರಲ್ಲಿ ಇಬ್ಬರು ನಿಘಂಟು ಮತ್ತು ಗ್ರಂಥಸಂಪಾದನೆಯ ಕಡೆಯಿಂದ ಬಂದವರು ಎಂಬುದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ.

ಆಕ್ಸ್‌ಫರ್ಡ್ ನಿಘಂಟಿನ ಕಥೆಯನ್ನೇ ನೋಡಿ. 1984ರಲ್ಲಿ ಕೆಲಸ ಆರಂಭವಾದಾಗ ಅದು ಸಂಪುಟಗಟ್ಟಲೆ ಅಚ್ಚಾದ ಕಾಗದ. ಸುಮಾರು 120 ಮಂದಿ ಬೆರಳಚ್ಚುಗಾರರು ಕೂತು 35 ಕೋಟಿ ಅಕ್ಷರಗಳನ್ನು ಗಣಕಕ್ಕೆ ಊಡಿದರು. ಅವರು ಅಕ್ಷರವನ್ನು ಮಾತ್ರ ಹೊಡೆಯಲಿಲ್ಲ. ಇದು ಮುಖ್ಯಪದ, ಇದು ವ್ಯುತ್ಪತ್ತಿ, ಇದು ಉದಾಹರಣೆ ವಾಕ್ಯ, ಇದು ಆ ವಾಕ್ಯದ ವರ್ಷ ಎಂಬ ಗುರುತುಗಳನ್ನೂ ಜೊತೆಗೆ ಹಾಕುತ್ತ ಹೋದರು. 1989ರಲ್ಲಿ ಎರಡನೆಯ ಆವೃತ್ತಿ 20 ಸಂಪುಟಗಳಲ್ಲಿ ಬಂತು. ಆಗ ಹಾಕಿದ ಗುರುತುಗಳ ಅಡಿಪಾಯದ ಮೇಲೆಯೇ ಮುಂದೆ ಆ ನಿಘಂಟು ಅಂತರಜಾಲಕ್ಕೆ ಬಂತು. ಹದಿನೇಳನೆಯ ಶತಮಾನದಲ್ಲಿ ಮೊದಲು ಬಳಕೆಗೆ ಬಂದ ಪದಗಳಾವುವು ಎಂದು ಇಂದು ಅದನ್ನು ಕೇಳಿದರೆ ಅರೆಕ್ಷಣದಲ್ಲಿ ಪಟ್ಟಿ ಬರುತ್ತದೆ. ನಮ್ಮ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿನಲ್ಲಿಯೂ ಇದೇ ಬಗೆಯ ಸಂಪತ್ತಿದೆ: ಶಾಸನಗಳಿಂದ, ಹಳಗನ್ನಡ ಕಾವ್ಯಗಳಿಂದ ಆಯ್ದ ಪ್ರಯೋಗಗಳಿವೆ, ಆಕರಗಳ ಉಲ್ಲೇಖವಿದೆ. ತಲೆಮಾರುಗಳ ವಿದ್ವಾಂಸರು ಚೀಟಿಗಳ ಮೇಲೆ ಬರೆದು ಕೂಡಿಸಿದ ದುಡಿಮೆ ಅದು. ಅಂಥ ಒಂದು ಪ್ರಶ್ನೆಗೆ ಅದರಿಂದ ಉತ್ತರ ಪಡೆಯಬೇಕೆಂದರೆ ಎಂಟೂ ಸಂಪುಟಗಳನ್ನು ಹರವಿಕೊಂಡು ಕೂರಬೇಕು. ಪುಟಗಳ ಚಿತ್ರ ತೆಗೆದು ಜಾಲತಾಣಕ್ಕೆ ಏರಿಸಿದ ಮಾತ್ರಕ್ಕೆ ಈ ಕಷ್ಟ ತಪ್ಪುವುದಿಲ್ಲ.

ಎಕ್ಸ್‌ಎಂಎಲ್‌ಗೂ ಕನ್ನಡಕ್ಕೂ ಇನ್ನೊಂದು ನಂಟಿದೆ. ಅದು ಬಂದ 1998ರಲ್ಲಿ ಪ್ರಪಂಚದ ಬಹುತೇಕ ತಂತ್ರಾಂಶಗಳು ಇಂಗ್ಲಿಷ್ ಮತ್ತು ಪಶ್ಚಿಮ ಯೂರೋಪಿನ ಅಕ್ಷರಗಳನ್ನಷ್ಟೇ ಅಕ್ಷರಗಳೆಂದು ಬಗೆದಿದ್ದವು. ಎಕ್ಸ್‌ಎಂಎಲ್ ಮಾತ್ರ ಮೊದಲ ದಿನದಿಂದಲೇ ಯೂನಿಕೋಡ್ ಮೇಲೆ ನಿಂತಿತ್ತು; ಎಕ್ಸ್‌ಎಂಎಲ್ ಓದುವ ಪ್ರತಿಯೊಂದು ತಂತ್ರಾಂಶವೂ ಯೂನಿಕೋಡ್ ಓದಲೇಬೇಕೆಂಬುದು ಅದರ ಕಡ್ಡಾಯ ನಿಯಮ. 1991ರಲ್ಲೇ ಯೂನಿಕೋಡ್‌ನಲ್ಲಿ ಸ್ಥಾನ ಪಡೆದಿದ್ದ ಕನ್ನಡಕ್ಕೆ ಇದರಿಂದ ಬಾಗಿಲು ತಾನಾಗಿ ತೆರೆಯಿತು. ಪಠ್ಯವನ್ನಷ್ಟೇ ಅಲ್ಲ, ಗುರುತಿನ ಹೆಸರನ್ನೂ ಕನ್ನಡದಲ್ಲೇ ಬರೆಯಬಹುದು. ‘<ಪುಸ್ತಕ>’ ಎಂದು ಆರಂಭಿಸಿ ‘</ಪುಸ್ತಕ>’ ಎಂದು ಮುಗಿಸಿದರೆ ಎಕ್ಸ್‌ಎಂಎಲ್ ಅದನ್ನು ತಕರಾರಿಲ್ಲದೆ ಒಪ್ಪುತ್ತದೆ. ಎಚ್‌ಟಿಎಂಎಲ್ ಇಂದಿಗೂ ಒಪ್ಪುವುದಿಲ್ಲ. ಅಲ್ಲಿ ಗುರುತಿನ ಹೆಸರು ಇಂಗ್ಲಿಷಿನ 26 ಅಕ್ಷರಗಳಲ್ಲೊಂದರಿಂದಲೇ ಆರಂಭವಾಗಬೇಕು.

ಇದರಲ್ಲಿಯೂ ಒಂದು ತಮಾಷೆಯಿತ್ತು. ‘ಸಾಫ್ಟ್‌ವೇರ್’ ಎಂದು ನಾವು ಬರೆಯುವಾಗ ‘ಟ್’ ಅಕ್ಷರದ ಕೆಳಗೆ ‘ವ’ ಒತ್ತಾಗಿ ಇಳಿಯದಂತೆ ತಡೆಯಲು, ಕಣ್ಣಿಗೆ ಕಾಣದ ಒಂದು ಯೂನಿಕೋಡ್ ಸಂಕೇತವನ್ನು ನಡುವೆ ಇಡಬೇಕಾಗುತ್ತದೆ. ಎಕ್ಸ್‌ಎಂಎಲ್ 1.0ರ ಮೊದಲ ನಾಲ್ಕು ಆವೃತ್ತಿಗಳು ಗುರುತಿನ ಹೆಸರಿನಲ್ಲಿ ಆ ಸಂಕೇತವನ್ನು ನಿಷೇಧಿಸಿದ್ದವು. ಅಂದರೆ ‘<ಪುಸ್ತಕ>’ ಸಲ್ಲುತ್ತಿತ್ತು, ‘<ಸಾಫ್ಟ್‌ವೇರ್>’ ಸಲ್ಲುತ್ತಿರಲಿಲ್ಲ! 2008ರ ನವೆಂಬರ್‌ನಲ್ಲಿ ಬಂದ ಐದನೆಯ ಆವೃತ್ತಿ ಈ ಬಿಗಿಯನ್ನು ಸಡಿಲಿಸಿತು. ಲಿಪಿಯೊಂದರ ಇಂಥ ಸೂಕ್ಷ್ಮ ಅಂತರರಾಷ್ಟ್ರೀಯ ನಿಯಮದ ಪುಟ ಸೇರುವುದಕ್ಕೆ ಹತ್ತು ವರ್ಷ ಹಿಡಿಯಿತು. ಆ ಚರ್ಚೆಗಳಲ್ಲಿ ನಮ್ಮವರು ಇನ್ನಷ್ಟು ಸಂಖ್ಯೆಯಲ್ಲಿ ಕೂರಬೇಕೆಂದು ನಾನು ಹೇಳುವುದು ಇದಕ್ಕಾಗಿ.

ಇನ್ನು ಎಂಜಿನಿಯರುಗಳ ನಗುವಿನ ವಿಚಾರ. ಎಕ್ಸ್‌ಎಂಎಲ್ ತನ್ನ ಮೇಲೆ ತಾನೇ ಹೇರಿಕೊಂಡ ಅಹಂಕಾರಗಳೂ ಇದ್ದವು. 2000ದ ಜನವರಿಯಲ್ಲಿ ಎಚ್‌ಟಿಎಂಎಲ್ ಅನ್ನು ಎಕ್ಸ್‌ಎಂಎಲ್ ಶಿಸ್ತಿಗೆ ಒಳಪಡಿಸಿ ಎಕ್ಸ್‌ಎಚ್‌ಟಿಎಂಎಲ್ ರೂಪಿಸಿದರು. ಒಂದು ಗುರುತನ್ನು ಮುಚ್ಚಲು ಮರೆತರೆ ಇಡೀ ಪುಟವೇ ಕಾಣಿಸದೆ, ದೋಷವಿದೆ ಎಂಬ ಸೂಚನೆ ಬರುವಷ್ಟು ಕಟ್ಟುನಿಟ್ಟು. ಓದಲು ಬಂದವನಿಗೆ ಬರೆದವನ ತಪ್ಪಿಗೆ ಶಿಕ್ಷೆ! ಇಂಟರ್‌ನೆಟ್ ಎಕ್ಸ್‌ಪ್ಲೋರರ್ 2011ರವರೆಗೆ ಅದನ್ನು ಸರಿಯಾಗಿ ಒಪ್ಪಿಕೊಳ್ಳಲೇ ಇಲ್ಲ. 2009ರಲ್ಲಿ ಎಕ್ಸ್‌ಎಚ್‌ಟಿಎಂಎಲ್ 2ರ ಕೆಲಸವನ್ನು ಕೈಬಿಡಲಾಯಿತು. 2014ರಲ್ಲಿ ಎಚ್‌ಟಿಎಂಎಲ್ 5 ಅಧಿಕೃತ ಶಿಫಾರಸಾಯಿತು. ಪುಟ ಪೂರ್ತಿ ಮರುಲೋಡ್ ಆಗದೆ ಒಂದು ಭಾಗ ಮಾತ್ರ ಬದಲಾಗುವ ತಂತ್ರಕ್ಕೆ 2005ರಲ್ಲಿ ‘ಅಜಾಕ್ಸ್’ ಎಂಬ ಹೆಸರು ಬಂದಾಗ, ಕೊನೆಯ ‘ಎಕ್ಸ್’ ಅಕ್ಷರ ಎಕ್ಸ್‌ಎಂಎಲ್‌ನದಾಗಿತ್ತು. ಆದರೆ ಆ ಹಾದಿಯಲ್ಲಿ ಸಾಗುವ ಸರಕು ಬಹುಬೇಗ ಜೆಸನ್ ಆಯಿತು, ಹೆಸರು ಮಾತ್ರ ಹಾಗೇ ಉಳಿಯಿತು. ಮಾಲೀಕ ಬದಲಾದ ಮೇಲೂ ಹಳೆಯ ಬೋರ್ಡು ತೆಗೆಯದ ಹೋಟೆಲಿನಂತೆ.

ಭದ್ರತೆಯ ತೊಡಕುಗಳೂ ಇದ್ದವು. ಒಂದು ಹೆಸರಿಗೆ ಹತ್ತು ಹೆಸರು, ಅದರ ಒಂದೊಂದಕ್ಕೂ ಮತ್ತೆ ಹತ್ತು ಎಂದು ಸುತ್ತಿ ಬರೆದ, ಒಂದು ಪುಟವೂ ತುಂಬದ ಕಡತವನ್ನು ಓದಲು ಹೊರಟ ಗಣಕ ನೂರು ಕೋಟಿ ಪದಗಳನ್ನು ಬಿಚ್ಚುತ್ತ ಬಿಚ್ಚುತ್ತ ಉಸಿರು ಕಟ್ಟುತ್ತದೆ. ಈ ದಾಳಿಗೆ ‘ಬಿಲಿಯನ್ ಲಾಫ್ಸ್’ ಎಂದೇ ಹೆಸರು. ಮೊಬೈಲಿನ ಆ್ಯಪ್‌ಗೆ ಇಂದಿನ ಉಷ್ಣಾಂಶವನ್ನೋ ಬಸ್ಸಿನ ಸ್ಥಾನವನ್ನೋ ಕಳುಹಿಸಲು ಇಷ್ಟೆಲ್ಲ ಸರಂಜಾಮು ಬೇಕಿಲ್ಲ. ಅಲ್ಲಿ ಜೆಸನ್ ಚಿಕ್ಕದು, ಚೊಕ್ಕದು. ಆದಾಯ ತೆರಿಗೆ ಇಲಾಖೆ ಕೂಡ 2021ರಲ್ಲಿ ತನ್ನ ರಿಟರ್ನ್ ಕಡತಗಳನ್ನು ಎಕ್ಸ್‌ಎಂಎಲ್‌ನಿಂದ ಜೆಸನ್‌ಗೆ ಬದಲಿಸಿತು. ಎಕ್ಸ್‌ಎಂಎಲ್ ಕಡತವನ್ನು ಬ್ರೌಸರಿನಲ್ಲೇ ಪುಟವಾಗಿ ಮಾರ್ಪಡಿಸುವ ಎಕ್ಸ್‌ಎಸ್‌ಎಲ್‌ಟಿ ಸೌಲಭ್ಯವನ್ನು ಕ್ರೋಮ್‌ನಿಂದ ತೆಗೆದುಹಾಕುವ ಯೋಜನೆಯನ್ನು ಗೂಗಲ್ 2025ರಲ್ಲಿ ಪ್ರಕಟಿಸಿತು. ಇವಾವುದಕ್ಕೂ ನನ್ನ ದೊಡ್ಡ ಆಕ್ಷೇಪವಿಲ್ಲ.

ಆದರೆ ದತ್ತಾಂಶ ಬೇರೆ, ದಸ್ತಾವೇಜು ಬೇರೆ. ಜೆಸನ್ ಪೆಟ್ಟಿಗೆಗಳ ಭಾಷೆ: ಈ ಪೆಟ್ಟಿಗೆಯಲ್ಲಿ ಹೆಸರು, ಆ ಪೆಟ್ಟಿಗೆಯಲ್ಲಿ ವಯಸ್ಸು. ಹರಿಯುವ ವಾಕ್ಯವೊಂದರ ನಡುವೆ ಒಂದು ಪದ ಊರಿನ ಹೆಸರು, ಇನ್ನೊಂದು ತಿದ್ದುಪಡಿಯಾದ ಕಲಂ, ಮತ್ತೊಂದು ಕೈಬಿಟ್ಟ ಶಬ್ದ ಎಂದು ತೋರಿಸಬೇಕಾದರೆ, ಜೆಸನ್‌ನಲ್ಲಿ ಆ ವಾಕ್ಯವನ್ನೇ ತುಂಡು ತುಂಡಾಗಿ ಕತ್ತರಿಸಬೇಕು. ಎಕ್ಸ್‌ಎಂಎಲ್ ವಾಕ್ಯವನ್ನು ಮುರಿಯದೆ ಅದರೊಳಗೇ ಗುರುತು ಹಾಕುತ್ತದೆ. ಆದ್ದರಿಂದಲೇ ಪಠ್ಯ ಪ್ರಧಾನವಾದ ಕಡೆಗಳಲ್ಲೆಲ್ಲ ಅದು ಸದ್ದಿಲ್ಲದೆ ಉಳಿದಿದೆ. ನೀವು ಕೇಳುವ ಪಾಡ್‌ಕಾಸ್ಟ್‌ಗಳು ನಿಮ್ಮನ್ನು ತಲುಪುವುದು ಆರ್‌ಎಸ್‌ಎಸ್ ಎಂಬ ಎಕ್ಸ್‌ಎಂಎಲ್ ಪಟ್ಟಿಯ ಮೂಲಕ. ಇ-ಪಬ್ ಪುಸ್ತಕದ ಒಳಗಿರುವುದು ಎಕ್ಸ್‌ಎಚ್‌ಟಿಎಂಎಲ್ ಪುಟಗಳು. ನಿಮ್ಮ ಜಾಲತಾಣದಲ್ಲಿ ಯಾವ ಯಾವ ಪುಟಗಳಿವೆ ಎಂದು ಶೋಧ ಯಂತ್ರಕ್ಕೆ ತಿಳಿಸುವ ಸೈಟ್‌ಮ್ಯಾಪ್ ಕೂಡ ಅದೇ. ಹಳತಾದದ್ದು ಎಂದು ನಕ್ಕ ಎಂಜಿನಿಯರ್ ಪರದೆಯ ಮೇಲೆ ನೋಡುತ್ತಿರುವ ಚಿಹ್ನೆಗಳಲ್ಲಿ ಎಷ್ಟೋ ಎಸ್‌ವಿಜಿ ಚಿತ್ರಗಳು, ಅವೂ ಎಕ್ಸ್‌ಎಂಎಲ್.

ಓದುಗರು ಮನೆಯಲ್ಲೇ ಒಂದು ಪರೀಕ್ಷೆ ಮಾಡಿ ನೋಡಬಹುದು. ವರ್ಡ್‌ನಲ್ಲಿ ಉಳಿಸಿದ ಒಂದು ಡಾಕ್ಸ್ ಕಡತದ ನಕಲು ಮಾಡಿ, ಹೆಸರಿನ ಕೊನೆಯ ಭಾಗವನ್ನು ‘ಜಿಪ್’ ಎಂದು ಬದಲಿಸಿ ತೆರೆಯಿರಿ. ಒಳಗೆ ಎಕ್ಸ್‌ಎಂಎಲ್ ಕಡತಗಳ ಒಂದು ಕಟ್ಟು ಕಾಣುತ್ತದೆ. ನಿಮ್ಮ ಬರಹ ಅದರೊಳಗಿನ ‘ಡಾಕ್ಯುಮೆಂಟ್’ ಎಂಬ ಕಡತದಲ್ಲಿದೆ. ಬರಹ ಯೂನಿಕೋಡ್ ಕನ್ನಡದಲ್ಲಿದ್ದರೆ ಅದು ಅಚ್ಚ ಕನ್ನಡವಾಗಿಯೇ ಓದಲು ಸಿಗುತ್ತದೆ. ಈಗ ಹಳೆಯ ನುಡಿ ಫಾಂಟಿನಲ್ಲಿ ಬೆರಳಚ್ಚು ಮಾಡಿದ ಒಂದು ಪತ್ರವನ್ನು ಹೀಗೆಯೇ ಬಿಚ್ಚಿ. ‘ಕನ್ನಡ’ ಎಂಬ ಪದ ಇರಬೇಕಾದ ಜಾಗದಲ್ಲಿ ಇಂಗ್ಲಿಷಿನ ಒಂದು ದೊಡ್ಡ ‘ಪಿ’, ತಲೆಯ ಮೇಲೆ ಗೀಟು ಹೊತ್ತ ‘ಎ’ಗಳು, ಬ್ರಿಟನ್ನಿನ ಪೌಂಡ್ ಚಿಹ್ನೆ, ಜರ್ಮನ್ ಭಾಷೆಯ ಒಂದು ವಿಶೇಷ ಅಕ್ಷರ, ಕೊನೆಯಲ್ಲೊಂದು ಸಣ್ಣ ‘ಕ್ಯೂ’ ಕುಳಿತಿರುತ್ತವೆ. ಪರದೆಯ ಮೇಲೆ ಕಾಣುತ್ತಿದ್ದುದು ಕನ್ನಡದ ವೇಷ. ಗಣಕದ ಪಾಲಿಗೆ ಅದು ಕನ್ನಡವಾಗಿರಲೇ ಇಲ್ಲ.

ನುಡಿ, ಬರಹ, ಶ್ರೀಲಿಪಿಗಳು ಒಂದು ಕಾಲದಲ್ಲಿ ಕನ್ನಡಕ್ಕೆ ಮಾಡಿದ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. ಗಣಕದ ಮೇಲೆ ಕನ್ನಡ ಕಾಣುವುದೇ ದುಸ್ತರವಾಗಿದ್ದಾಗ ಅವು ದಾರಿ ತೋರಿದವು, ಮತ್ತು ನುಡಿ, ಬರಹಗಳು ಮುಂದೆ ಯೂನಿಕೋಡ್‌ಗೂ ಬಂದವು. ಉಳಿದಿರುವುದು ನಡುವಣ ಆ ಹತ್ತಿಪ್ಪತ್ತು ವರ್ಷಗಳ ದಾಸ್ತಾನು. 1990ರ ದಶಕದಿಂದ ಅಚ್ಚಾದ ಕನ್ನಡ ಪುಸ್ತಕಗಳಲ್ಲಿ ಲೆಕ್ಕವಿಲ್ಲದಷ್ಟು ಪೇಜ್‌ಮೇಕರ್‌ನಲ್ಲಿ, ಇಂಥ ಫಾಂಟುಗಳಲ್ಲಿ ಜೋಡಣೆಯಾದವು. ಪೇಜ್‌ಮೇಕರ್ ತಯಾರಿಕೆ ನಿಂತು ಎಷ್ಟೋ ಕಾಲವಾಯಿತು. ಅದರ ಉತ್ತರಾಧಿಕಾರಿಯಾದ ಇನ್‌ಡಿಸೈನ್‌ನ ಈಚಿನ ಆವೃತ್ತಿಗಳು ಆ ಕಡತಗಳನ್ನು ತೆರೆಯುವುದೂ ಇಲ್ಲ. ಇಪ್ಪತ್ತು ವರ್ಷದ ಹಿಂದಿನ ತಮ್ಮದೇ ಪುಸ್ತಕವನ್ನು ಮರುಮುದ್ರಣಕ್ಕಾಗಿ ಮೊದಲಿನಿಂದ ಬೆರಳಚ್ಚು ಮಾಡಿಸಿ, ಮತ್ತೆ ಕರಡು ತಿದ್ದಿದ ಪ್ರಕಾಶಕರನ್ನು ನಾನು ಬಲ್ಲೆ. ಆರುನೂರು ವರ್ಷದ ತಾಳೆಗರಿಯನ್ನು ಕಣ್ಣಿದ್ದವನು ಓದಬಹುದು. 1999ರ ಸಿ.ಡಿ.ಯನ್ನು ಓದಲಾಗುತ್ತಿಲ್ಲ.

ಕಡತದ ರೂಪ ಯಾರ ಕೈಯಲ್ಲಿರಬೇಕು ಎಂಬ ಪ್ರಶ್ನೆಯನ್ನು ಈ ದೇಶ ಒಮ್ಮೆ ಗಂಭೀರವಾಗಿಯೇ ಚರ್ಚಿಸಿತ್ತು. ಕಚೇರಿ ದಸ್ತಾವೇಜುಗಳಿಗೆ ಎಕ್ಸ್‌ಎಂಎಲ್ ಆಧಾರಿತ ಮುಕ್ತ ರೂಪವಾದ ಓಡಿಎಫ್ 2006ರಲ್ಲಿ ಅಂತರರಾಷ್ಟ್ರೀಯ ಮಾನಕವಾಗಿತ್ತು. ಮರುವರ್ಷ ಮೈಕ್ರೋಸಾಫ್ಟ್ ಕಡೆಯಿಂದ ಹುಟ್ಟಿದ, ಆರು ಸಾವಿರ ಪುಟಗಳ ಓಓಎಕ್ಸ್‌ಎಂಎಲ್ ಎಂಬ ಇನ್ನೊಂದು ರೂಪ ಮತಕ್ಕೆ ಬಂದಾಗ, 2007ರ ಸೆಪ್ಟೆಂಬರ್‌ನಲ್ಲಿ ಭಾರತೀಯ ಮಾನಕ ಬ್ಯೂರೊ ವಿರುದ್ಧ ಮತ ಹಾಕಿತು. 2008ರ ಮಾರ್ಚ್‌ನಲ್ಲಿ ಮರುಪರಿಶೀಲನೆಗೆ ಬಂದಾಗಲೂ ನಿಲುವು ಬದಲಿಸಲಿಲ್ಲ. ಆದರೂ ಆ ಮಾನಕ ಅಂಗೀಕಾರವಾಯಿತು. ಬ್ರೆಜಿಲ್, ದಕ್ಷಿಣ ಆಫ್ರಿಕ ಮತ್ತು ವೆನೆಜುವೆಲಾ ಜೊತೆ ಸೇರಿ ಭಾರತ ಸಲ್ಲಿಸಿದ ಮೇಲ್ಮನವಿಯೂ ತಿರಸ್ಕೃತವಾಯಿತು. 2010ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಇ-ಆಡಳಿತದಲ್ಲಿ ಮುಕ್ತ ಮಾನಕಗಳ ನೀತಿಯನ್ನು ಪ್ರಕಟಿಸಿತು. ಸೋತರೂ ಅದು ಮರ್ಯಾದೆಯ ಹೋರಾಟವೆಂದು ನಾನು ಭಾವಿಸುತ್ತೇನೆ. ಸರ್ಕಾರಿ ಪತ್ರಗಳು ಒಂದು ಕಂಪನಿಯ ತಂತ್ರಾಂಶವಿಲ್ಲದೆಯೂ ಓದಲು ಬರಬೇಕೆಂಬುದಷ್ಟೇ ಅದರ ತಿರುಳಾಗಿತ್ತು.

ರಾಜ್ಯದ ಪರಿಸ್ಥಿತಿ ಹೇಗಿದೆ? ಕರ್ನಾಟಕ ರಾಜ್ಯಪತ್ರ ಜಾಲತಾಣದಲ್ಲಿ ಪಿಡಿಎಫ್ ಆಗಿ ಸಿಗುತ್ತದೆ. ಸರ್ಕಾರದ ಆದೇಶಗಳಲ್ಲಿ ಎಷ್ಟೋ ಕಾಗದಕ್ಕೆ ಮುದ್ರಿಸಿ, ಮೊಹರು ಹಾಕಿ, ಓರೆಯಾಗಿ ಸ್ಕ್ಯಾನ್ ಮಾಡಿದ ಚಿತ್ರಗಳು. ಇನ್ನು ಕೆಲವು ನೋಡಲು ಪಠ್ಯದಂತಿದ್ದರೂ, ನಕಲು ಮಾಡಿ ಬೇರೆಡೆ ಅಂಟಿಸಿದರೆ ಅದೇ ಪೌಂಡ್ ಚಿಹ್ನೆಗಳ ಸಂತೆ. ಭೂಸ್ವಾಧೀನದ ಅಧಿಸೂಚನೆಯಲ್ಲಿ ತನ್ನ ಸರ್ವೆ ನಂಬರ್ ಇದೆಯೇ ಎಂದು ಹುಡುಕುವ ರೈತನಿಗಾಗಲಿ, ಒಂದು ಕಾಯ್ದೆಯ ಕಲಂ ಯಾವಾಗ ತಿದ್ದುಪಡಿಯಾಯಿತೆಂದು ತಿಳಿಯಬೇಕಾದ ತಾಲ್ಲೂಕಿನ ವಕೀಲನಿಗಾಗಲಿ ಇಲ್ಲಿ ಗಣಕದಿಂದ ಸಹಾಯವಿಲ್ಲ. ದೃಷ್ಟಿದೋಷವುಳ್ಳವರು ಬಳಸುವ, ಪಠ್ಯವನ್ನು ಓದಿ ಹೇಳುವ ತಂತ್ರಾಂಶಕ್ಕೆ ಆ ಆದೇಶ ಬರಿಯ ಮೌನ. ಬ್ರಿಟನ್ ತನ್ನ ಕಾನೂನುಗಳನ್ನು ಜಾಲತಾಣದಲ್ಲಿ ಎಕ್ಸ್‌ಎಂಎಲ್ ರೂಪದಲ್ಲಿಯೂ ಕೊಡುತ್ತದೆ. ಅಮೆರಿಕದ ಕಾಂಗ್ರೆಸ್ಸಿನ ಮಸೂದೆಗಳು ಹಾಗೆಯೇ ಸಿಗುತ್ತವೆ. ಅವು ಶ್ರೀಮಂತ ದೇಶಗಳು ಎನ್ನುವವರು ಆಫ್ರಿಕದ ಕಡೆ ನೋಡಬಹುದು. ಶಾಸನಸಭೆಗಳ ಕಲಾಪ ಮತ್ತು ಕಾನೂನುಗಳನ್ನು ದಾಖಲಿಸುವ ಎಕ್ಸ್‌ಎಂಎಲ್ ಮಾನಕವಾದ ‘ಅಕೋಮ ಎನ್ಟೋಸೊ’ ರೂಪುಗೊಂಡಿದ್ದೇ ಆಫ್ರಿಕದ ಸಂಸತ್ತುಗಳಿಗಾಗಿ ವಿಶ್ವಸಂಸ್ಥೆ ಕೈಗೊಂಡ ಯೋಜನೆಯಲ್ಲಿ. ಹೆಸರು ಪಶ್ಚಿಮ ಆಫ್ರಿಕದ ಅಕಾನ್ ಭಾಷೆಯದು, ಬೆಸೆದ ಹೃದಯಗಳು ಎಂದು ಅರ್ಥ. 2018ರಲ್ಲಿ ಅದು ಅಂತರರಾಷ್ಟ್ರೀಯ ಮಾನಕವಾಯಿತು.

ನನಗೆ ಇನ್ನೂ ಹತ್ತಿರವಾದದ್ದು ಶಾಸನಗಳ ಮಾತು. ಬಿ.ಎಲ್. ರೈಸ್ 1886ರಲ್ಲಿ ಆರಂಭಿಸಿದ ಎಪಿಗ್ರಾಫಿಯ ಕರ್ನಾಟಿಕ ಸಂಪುಟಗಳನ್ನು ತೆರೆದವರಿಗೆ ಅಲ್ಲಿನ ಚುಕ್ಕಿಗಳು, ಆವರಣಗಳು ಪರಿಚಿತ. ಚುಕ್ಕಿಯೆಂದರೆ ಕಲ್ಲು ಅಲ್ಲಿ ಒಡೆದಿದೆ. ಆವರಣವೆಂದರೆ ಸಂಪಾದಕ ಊಹಿಸಿ ತುಂಬಿದ್ದಾನೆ. ಡಿ.ಎಲ್. ನರಸಿಂಹಾಚಾರ್ ತಮ್ಮ ‘ಕನ್ನಡ ಗ್ರಂಥಸಂಪಾದನೆ’ಯಲ್ಲಿ ಒಂದು ಪೀಳಿಗೆಗೆ ಕಲಿಸಿದ ಎಚ್ಚರವೂ ಇದೇ ಜಾತಿಯದು: ಮೂಲದಲ್ಲಿ ಇರುವುದಾವುದು, ತಿದ್ದಿದ್ದು ಯಾವುದು, ಪಾಠಾಂತರ ಯಾವುದು ಎಂಬುದು ಓದುಗನಿಗೆ ಬೇರೆ ಬೇರೆಯಾಗಿ ಕಾಣಬೇಕು. ಇಂದು ಪ್ರಪಂಚದ ಶಾಸನತಜ್ಞರು ಬಳಸುವ ಎಪಿಡಾಕ್ ಎಂಬ ಎಕ್ಸ್‌ಎಂಎಲ್ ಪದ್ಧತಿಯಲ್ಲಿ ಲೋಪಕ್ಕೊಂದು ಗುರುತು, ಅಸ್ಪಷ್ಟ ಅಕ್ಷರಕ್ಕೊಂದು, ಸಂಪಾದಕ ತುಂಬಿದ್ದಕ್ಕೊಂದು ಗುರುತಿದೆ. ಅಚ್ಚಿನ ಪುಟವನ್ನು ಯಂತ್ರದಿಂದ ಓದಿಸಿ ಬರಿಯ ಪಠ್ಯವಾಗಿಸಿದಾಗ ಮೊದಲು ಉದುರಿಹೋಗುವುದು ಈ ಚುಕ್ಕಿ ಮತ್ತು ಆವರಣಗಳೇ. ಆಗ ಗಂಗರ ಕಾಲದ ಲಿಪಿಕಾರ ಕೊರೆದದ್ದಕ್ಕೂ ಇಪ್ಪತ್ತನೆಯ ಶತಮಾನದ ವಿದ್ವಾಂಸ ಊಹಿಸಿದ್ದಕ್ಕೂ ವ್ಯತ್ಯಾಸ ಅಳಿಸಿಹೋಗುತ್ತದೆ. ಇಂದು ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಸಿಕ್ಕಿದ ಪಠ್ಯವನ್ನೆಲ್ಲ ನುಂಗಿ ಕನ್ನಡ ಕಲಿಯುತ್ತಿರುವಾಗ, ಊಹೆ ಯಾವುದು ಕಲ್ಲು ಯಾವುದು ಎಂದು ಅವುಗಳಿಗೆ ಹೇಳುವವರಾದರೂ ಯಾರು?

ವಚನಗಳಿಗೂ ಈ ಮಾತು ಸಲ್ಲುತ್ತದೆ. ಫ.ಗು. ಹಳಕಟ್ಟಿಯವರು ಮನೆಮನೆ ಅಲೆದು ಓಲೆಗರಿ ಕೂಡಿಸಿ 1923ರಲ್ಲಿ ‘ವಚನಶಾಸ್ತ್ರ ಸಾರ’ ಪ್ರಕಟಿಸಿದ ಮೇಲೆ ಎಷ್ಟು ಸಂಪಾದನೆಗಳಾಗಿವೆ! ಸ್ವಯಂಸೇವಕರ ಶ್ರಮದಿಂದ ರೂಪುಗೊಂಡ ‘ವಚನ ಸಂಚಯ’ ಜಾಲತಾಣದಲ್ಲಿ ಪದ ಹಿಡಿದು ಹುಡುಕುವ ಸೌಲಭ್ಯವಿದೆ. ಆ ಉಪಕಾರ ದೊಡ್ಡದು. ಒಂದೊಂದು ವಚನದ ಜೊತೆಗೂ ಅಂಕಿತ, ಹಸ್ತಪ್ರತಿಗಳು, ಪಾಠಾಂತರ, ಪ್ರಕ್ಷಿಪ್ತವೆಂಬ ಶಂಕೆ ಇವೆಲ್ಲ ಗುರುತಾಗಿ ಅಂಟಿಕೊಂಡಿರುವ ಅಧಿಕೃತ ಆವೃತ್ತಿ ಅದರ ಮುಂದಿನ ಮೆಟ್ಟಿಲು. ಅಂಕಿತ ಬದಲಾದರೆ ಬೀದಿಯಲ್ಲಿ ಪ್ರತಿಭಟನೆ ನಡೆಯುವ ನಾಡಿನಲ್ಲಿ, ಯಾವ ಪ್ರತಿಯಲ್ಲಿ ಯಾವ ಅಂಕಿತವಿದೆ ಎಂದು ಯಾರು ಬೇಕಾದರೂ ಪರೀಕ್ಷಿಸಬಹುದಾದ ದಾಖಲೆ ಇರುವುದು ಒಳ್ಳೆಯದಲ್ಲವೆ?

ಇದಕ್ಕೆ ಹೊಸ ನಿಗಮವೂ ಬೇಡ, ಹೊಸ ಅಕಾಡೆಮಿಯೂ ಬೇಡ. ಕನ್ನಡ ಮತ್ತು ಸಂಸ್ಕೃತಿ ಇಲಾಖೆ, ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಸಾಹಿತ್ಯ ಪರಿಷತ್ತು ಪುಸ್ತಕ ಪ್ರಕಟಿಸುವಾಗ ಡಿ.ಟಿ.ಪಿ. ಮಾಡುವವರೊಡನೆ ಮಾಡಿಕೊಳ್ಳುವ ಕರಾರಿನಲ್ಲಿ ಒಂದು ಸಾಲು ಸೇರಿಸಿದರೆ ಆರಂಭಕ್ಕೆ ಸಾಕು: ಅಚ್ಚಿನ ಪಿಡಿಎಫ್ ಜೊತೆಗೆ ಯೂನಿಕೋಡ್‌ನಲ್ಲಿ ಗುರುತುಗಳುಳ್ಳ ಎಕ್ಸ್‌ಎಂಎಲ್ ಕಡತವನ್ನೂ ಒಪ್ಪಿಸತಕ್ಕದ್ದು, ಅದು ದೋಷವಿಲ್ಲದೆ ತೆರೆದುಕೊಂಡ ಮೇಲೆಯೇ ಬಿಲ್ಲು ಪಾಸಾಗತಕ್ಕದ್ದು. ರಾಜ್ಯಪತ್ರಕ್ಕೂ ಇದೇ ನಿಯಮ ಬರಲಿ. ಹಳೆಯ ದಾಸ್ತಾನಿನಲ್ಲಿ ಮೊದಲು ಕೈಗೆತ್ತಿಕೊಳ್ಳಬೇಕಾದದ್ದು ಪರಿಷತ್ತಿನ ನಿಘಂಟು, ಎರಡನೆಯದು ಎಪಿಗ್ರಾಫಿಯ ಸಂಪುಟಗಳು. ಕನ್ನಡ ಎಂ.ಎ. ಮಾಡಿ ಕೆಲಸವಿಲ್ಲದೆ ಕುಳಿತಿರುವ ತರುಣ ತರುಣಿಯರಿಗೆ ಈ ಗುರುತು ಹಾಕುವ ವಿದ್ಯೆಯನ್ನು ಕಲಿಸಲು ಒಂದು ತಿಂಗಳು ಸಾಕು. ಹಳಗನ್ನಡ ಓದಲು ಬರುವ ಅವರಿಗೆ ಎಂಜಿನಿಯರಿಂಗ್ ಪದವಿ ಬೇಕಾಗಿಲ್ಲ. ಪೇಜ್‌ಮೇಕರ್ ಕಡತಗಳಿರುವ ಸಿ.ಡಿ.ಗಳು ಪ್ರಕಾಶಕರ, ಇಲಾಖೆಗಳ ಕಪಾಟುಗಳಲ್ಲಿ ಇನ್ನೂ ಇವೆ. ಅವುಗಳ ಹೊಳೆಯುವ ಪದರ ಪ್ರತಿ ಮಳೆಗಾಲದಲ್ಲೂ ಒಂದಿಷ್ಟು ಕಿತ್ತುಬರುತ್ತಿದೆ.